ಮಗಳ ತಟ್ಟೆಯಿಂದ ಉಪ್ಪು ತೆಗೆಯಬೇಡಿ

ಓದುಗರ ಪತ್ರ (ಜಯನಗರ, ಬೆಂಗಳೂರು): ಮಗಳಿಗೆ ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್; ಮೈಯ ರೋಗನಿರೋಧಕ ಪಡೆಯೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ. ಉಪ್ಪು ನರಗಳನ್ನು ಹಾಳುಮಾಡುತ್ತದೆ ಎಂಬ ವಿಡಿಯೊ ನೋಡಿ ಎರಡು ತಿಂಗಳಿಂದ ಅವಳಿಗೆ ಸಪ್ಪೆ ಅಡುಗೆಯನ್ನೇ ಕೊಡುತ್ತಿದ್ದೇವೆ. ಉಳಿದವರಿಗೆ ಸೈಂಧವ ಲವಣ. ಇದು ಸರಿಯೇ?

ಸಂಪಾದಕರ ಉತ್ತರ: ತಾಯೀ, ವಿಡಿಯೊದವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಉಪ್ಪು ಹೆಚ್ಚಾದರೆ ಟಿಎಚ್-17 ಎಂಬ ಬಿಳಿ ರಕ್ತಕಣಗಳು ಕೆರಳುತ್ತವೆ, ಎಂಎಸ್ ಹೋಲುವ ಕಾಯಿಲೆ ಬರಿಸಿದ ಇಲಿಗಳ ಸ್ಥಿತಿ ಬಿಗಡಾಯಿಸುತ್ತದೆ ಎಂದು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಆದರೆ ಆ ಇಲಿಗಳಿಗೆ ಕೊಟ್ಟಿದ್ದು ನೂರಕ್ಕೆ 4 ಪಾಲು ಉಪ್ಪಿರುವ ಮೇವು, ಸಾಲದೆಂದು ಉಪ್ಪುನೀರು. ಯಾವ ಮನೆಯಲ್ಲಿ ಹಾಗೆ ಉಣ್ಣುತ್ತಾರೆ?

ಮನುಷ್ಯರ ವಿಷಯಕ್ಕೆ ಬನ್ನಿ. ಅರ್ಜೆಂಟೀನಾದ 70 ರೋಗಿಗಳ ಸಣ್ಣ ಅಧ್ಯಯನದಲ್ಲಿ ಉಪ್ಪು ಹೆಚ್ಚು ತಿಂದವರಿಗೆ ಕಾಯಿಲೆ ಹೆಚ್ಚು ಸಲ ಮರುಕಳಿಸಿತ್ತು. ಆದರೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಎಸ್‌ನ ಮೊದಲ ಲಕ್ಷಣ ಕಂಡ 465 ಮಂದಿ ಎಷ್ಟು ಉಪ್ಪು ತಿನ್ನುತ್ತಾರೆಂದು ತಿಳಿಯಲು ಅವರ ಮೂತ್ರದಲ್ಲಿ ಸೋಡಿಯಂ (ಉಪ್ಪಿನಲ್ಲಿರುವ ಅಂಶ) ಅಳೆದು, ಅವರನ್ನು 5 ವರ್ಷದವರೆಗೆ ಗಮನಿಸಿದಾಗ ಅಂಥ ನಂಟು ಕಾಣಲಿಲ್ಲ. ಇದನ್ನು ಯಾವ ವಿಡಿಯೊದವರೂ ಹೇಳುವುದಿಲ್ಲ.

ನಿಮ್ಮ ಮೇಲೆ ನನ್ನ ದೂರು ಒಂದೇ: ವೈದ್ಯರನ್ನು ಕೇಳದೆ ಎರಡು ತಿಂಗಳು ಸಪ್ಪೆ ಉಣಿಸಿದಿರಿ. ಸೋಡಿಯಂ ಇಲ್ಲದೆ ನರದಲ್ಲಿ ಸಂದೇಶವೇ ಹರಿಯದು. ಎಂಎಸ್ ಇರುವವರ ಮುಖದ ನರನೋವಿಗೆ ಕೊಡುವ ಕಾರ್ಬಮಾಜೆಪಿನ್ ಮಾತ್ರೆ ತಾನೇ ರಕ್ತದ ಸೋಡಿಯಂ ಇಳಿಸಬಲ್ಲದು. ತೀರಾ ಇಳಿದರೆ ಓಕರಿಕೆ, ಮಂಕು, ಕೊನೆಗೆ ಫಿಟ್ಸ್. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಸೋಲುವ ಅಡಿಸನ್ ಕಾಯಿಲೆಯೂ ಎಂಎಸ್‌ನಂತೆ ಹೆಚ್ಚಾಗಿ ಆಟೋಇಮ್ಯೂನೇ, ಅಂದರೆ ರೋಗನಿರೋಧಕ ಪಡೆ ತನ್ನ ಮೈಮೇಲೇ ತಿರುಗಿಬೀಳುವಂಥದ್ದು. ಅಡಿಸನ್ ಇರುವವರಿಗೆ ಮೂತ್ರದಲ್ಲಿ ಸೋಡಿಯಂ ಸೋರುವುದರಿಂದ ಉಪ್ಪು ಬಿಡಿಸಿದರೆ ಪ್ರಾಣಕ್ಕೇ ಸಂಚಕಾರ. ಎಂಎಸ್‌ಗೆ ಸ್ಟೀರಾಯ್ಡ್ ಹಾಕಿಸುವ ದಿನಗಳಲ್ಲಿ ಉಪ್ಪು ಕಡಿಮೆ ಮಾಡಿ ಎನ್ನುವುದುಂಟು. ಅದು ಮೈಯಲ್ಲಿ ನೀರು ನಿಂತು ಬಿಪಿ ಏರದಿರಲೆಂದು, ಆ ದಿನಗಳ ಮಟ್ಟಿಗೆ.

ಸೈಂಧವದಲ್ಲೂ ಇರುವುದು ಹೆಚ್ಚುಕಡಿಮೆ ಅಷ್ಟೇ ಸೋಡಿಯಂ; ಸಾಮಾನ್ಯವಾಗಿ ಅಯೋಡಿನ್ ಮಾತ್ರ ಇರುವುದಿಲ್ಲ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಸೋತವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅದರಿಂದ ಹೃದಯದ ಬಡಿತವೇ ತಪ್ಪಬಹುದು.

ಉಪ್ಪಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ ತಲೆಗೆ 5 ಗ್ರಾಂಗಿಂತ ಕಡಿಮೆ, ಹೆಚ್ಚುಕಡಿಮೆ ಒಂದು ಟೀ ಚಮಚ. ಒಂದು ಕಿಲೋ ಪೊಟ್ಟಣ ಒಡೆದ ದಿನ ತಾರೀಖು ಬರೆದಿಡಿ. ನಾಲ್ಕು ದೊಡ್ಡವರಿರುವ ಮನೆಗೆ ಅದು 50 ದಿನವಾದರೂ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರಾ ಬನ್ ಈ ಲೆಕ್ಕಕ್ಕೆ ಸಿಗುವುದಿಲ್ಲವಾದ್ದರಿಂದ ಇನ್ನೂ ಹೆಚ್ಚು ದಿನ ಬಂದರೆ ಒಳ್ಳೆಯದು. ಮಗಳ ಮಾತ್ರೆಗಳ ಪಟ್ಟಿ ಹಿಡಿದು ಈ ವಾರವೇ ನರರೋಗ ತಜ್ಞರ ಬಳಿ ಹೋಗಿ, ರಕ್ತದ ಸೋಡಿಯಂ ನೋಡಿಸಿ. ಎಂಎಸ್ ಔಷಧಿಯನ್ನಂತೂ ನಿಲ್ಲಿಸಲೇಬೇಡಿ.

ನನಗೆ ನಿಜವಾಗಿ ಸಿಟ್ಟು ಬರುವುದು ಅಂಗಡಿಯ ಪೊಟ್ಟಣಗಳನ್ನು ಕಂಡಾಗ. ಬೆನ್ನಿನ ಮೇಲೆ, ಇರುವೆಯಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ‘ಸೋಡಿಯಂ 800 ಮಿಲಿಗ್ರಾಂ’ ಎಂದಿದ್ದರೆ ಅದು 2 ಗ್ರಾಂ ಉಪ್ಪು ಎಂದು ಯಾವ ಅಜ್ಜಿಗೆ ಹೊಳೆಯಬೇಕು? ಎರಡೂವರೆಯಿಂದ ಗುಣಿಸುವ ಕೆಲಸ ತಿನ್ನುವವರದ್ದೇಕೆ? ಪೊಟ್ಟಣದ ಮುಂಭಾಗದಲ್ಲಿ, ಕನ್ನಡದಲ್ಲಿ, ಇಷ್ಟು ಗ್ರಾಂ ಉಪ್ಪು ಇದೆ ಎಂದು ತಯಾರಿಸಿದವರೇ ಬರೆಯಲಿ.