ನೈಟ್ ಸೈಟ್ ಯಾವುದು ಕೊಳ್ಳಲಿ, ನಾನೇ ಕೂರಿಸಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಟೆಕ್ಸಾಸ್‌ನಲ್ಲಿದ್ದೇವೆ. ಮನೆಯಲ್ಲಿ ಒಂದು ಗ್ಲಾಕ್ 19 ಪಿಸ್ತೂಲು ಇದೆ. ರಾತ್ರಿ ಅದರ ಸೈಟ್, ಅಂದರೆ ಗುರಿ ಹಿಡಿಯಲು ಮೇಲೆ ಮುಂದೊಂದು ಹಿಂದೊಂದು ಇರುವ ಗುರುತು, ಕಾಣುವುದೇ ಇಲ್ಲ. ಮೂರು ಚುಕ್ಕಿಯೂ ಹಸಿರಾಗಿ ಹೊಳೆಯುವ ನೈಟ್ ಸೈಟ್ ಹಾಕೋಣ ಅಂತಿದ್ದೇನೆ. ಅದರಲ್ಲಿ ವಿಕಿರಣ ಇದೆ ಅಂತ ನನ್ನ ಹೆಂಡತಿಗೆ ಭಯ. ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಇದನ್ನು ನಾನೇ ಕೂರಿಸಬಹುದಾ?

ಉತ್ತರ: ಮೊದಲು ನಿಮ್ಮ ಮನೆಯವರ ಭಯದ ಬಗ್ಗೆ ಹೇಳುತ್ತೇನೆ. ನೈಟ್ ಸೈಟ್‌ನೊಳಗೆ ಸಣ್ಣ ಗಾಜಿನ ಕೊಳವೆ ಇರುತ್ತದೆ. ಅದರಲ್ಲಿ ಟ್ರಿಟಿಯಂ ಅನ್ನುವ ವಿಕಿರಣಶೀಲ ಅನಿಲ, ಒಳಗೋಡೆಗೆ ಫಾಸ್ಫರ್ ಲೇಪ. ಟ್ರಿಟಿಯಂನ ಬೀಟಾ ಕಣ ತಾಗಿದಾಗ ಫಾಸ್ಫರ್ ಹೊಳೆಯುತ್ತದೆ. ಬ್ಯಾಟರಿ ಬೇಡ, ಬೆಳಕಿಗೆ ಹಿಡಿಯುವುದೂ ಬೇಡ. ಆ ಕಣ ಎಷ್ಟು ದುರ್ಬಲ ಅಂದರೆ ಗಾಜನ್ನು ದಾಟಲಾರದು, ಚರ್ಮದ ಮೇಲ್ಪದರವನ್ನೂ ದಾಟಲಾರದು. ತೊಂದರೆ ಬರುವುದು ಕೊಳವೆ ಒಡೆದು ಅನಿಲ ಮೈಯೊಳಗೆ ಹೋದರೆ. ಅಪ್ಪಿತಪ್ಪಿ ಒಡೆದರೆ ಕಿಟಕಿ ತೆಗೆದು ಎಲ್ಲರೂ ಹೊರಗೆ ಹೋಗಿ. ಆಮೇಲೆ ಕೈಗವಸು ಹಾಕಿ ಸೈಟನ್ನು ಚೀಲಕ್ಕೆ ಹಾಕಿ, ಕೈ ತೊಳೆದು, ತಯಾರಕರಿಗೆ ಫೋನ್ ಮಾಡಿ. ಕಸದ ಬುಟ್ಟಿಗೆ ಹಾಕಬೇಡಿ. ಮಕ್ಕಳಿರುವ ಮನೆಯಲ್ಲಿ ಭಯಪಡಬೇಕಾದದ್ದು ಸೈಟಿಗಲ್ಲ, ಬೀಗವಿಲ್ಲದ ಪಿಸ್ತೂಲಿಗೆ. ಅದು ಸೇಫ್‌ನಲ್ಲೇ ಇರಲಿ.

ಮೂರು ಹಸಿರು ಚುಕ್ಕಿ ಬೇಡ ಅನ್ನುತ್ತೇನೆ. ಗಾಬರಿಯಲ್ಲಿ ಯಾವ ಚುಕ್ಕಿ ಮುಂದಿನದು, ಯಾವುದು ಹಿಂದಿನದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಮುಂದಿನ ಚುಕ್ಕಿ ಮಾತ್ರ ಜೋರಾಗಿ ಹೊಳೆಯಬೇಕು. ಅದರ ಸುತ್ತ ಕಿತ್ತಳೆ ಅಥವಾ ಹಳದಿ ಉಂಗುರ ಇದ್ದರೆ ಹಗಲಲ್ಲೂ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಹಿಂದಿನದು ಮಂಕಾಗಿರಲಿ, ಅಥವಾ ಬರೀ ಕಪ್ಪಾಗಿರಲಿ. ಟ್ರಿಜಿಕಾನ್, ಅಮೆರಿಗ್ಲೋ ಎರಡರಲ್ಲೂ ಇಂಥವು ಸಿಗುತ್ತವೆ. ಮುಂದಿನದು, ಹಿಂದಿನದು ಒಂದೇ ಜೋಡಿಯಾಗಿ, ನಿಮ್ಮ ಮಾಡೆಲ್‌ಗೆಂದೇ ಬರೆದಿರುವುದನ್ನು ಕೊಳ್ಳಿ. ಎತ್ತರ ಬೇರೆಯಾದರೆ ಗುಂಡು ಮೇಲೆ ಕೆಳಗೆ ಹೋಗುತ್ತದೆ. ತಯಾರಾದ ವರ್ಷವನ್ನೂ ನೋಡಿ. ಟ್ರಿಟಿಯಂ ಸುಮಾರು 12.3 ವರ್ಷಕ್ಕೆ ಅರ್ಧ ಆಗುತ್ತದೆ. ಕಡಿಮೆ ಬೆಲೆಗೆ ಸಿಗುವ ಹಳೇ ಸ್ಟಾಕ್ ಅಂದರೆ ಆಗಲೇ ಮಂಕಾಗಿರುವ ಸೈಟ್.

ಒಂದು ಮಾತು ದಯವಿಟ್ಟು ನೆನಪಿಡಿ. ನೈಟ್ ಸೈಟ್ ನಿಮಗೆ ನಿಮ್ಮ ಪಿಸ್ತೂಲನ್ನು ತೋರಿಸುತ್ತದೆ, ಎದುರಿಗಿರುವವರನ್ನಲ್ಲ. ಕತ್ತಲಲ್ಲಿ ಅಡುಗೆಮನೆಗೆ ನೀರು ಕುಡಿಯಲು ಬಂದವಳು ನಿಮ್ಮ ಮಗಳೇ ಇರಬಹುದು, ಅಲ್ವಾ? ಕೈಯಲ್ಲಿ ಒಳ್ಳೇ ಟಾರ್ಚ್ ಇಲ್ಲದಿದ್ದರೆ ಸೈಟಿಗಿಂತ ಮೊದಲು ಅದನ್ನು ಕೊಳ್ಳಿ. ಅದರಿಂದ ನೋಡುವ ಅಭ್ಯಾಸಕ್ಕೆ ಪಿಸ್ತೂಲು ಬೇಕಾಗಿಲ್ಲ.

ಕೂರಿಸುವ ಕೆಲಸ ನೀವೇ ಮಾಡಬಹುದು, ಆದರೆ ಸರಿಯಾದ ಟೂಲ್ ಇದ್ದರೆ ಮಾತ್ರ. ಗ್ಲಾಕ್ ಬಿಚ್ಚಬೇಕಾದರೆ ಟ್ರಿಗರ್ ಎಳೆಯಲೇಬೇಕು. ಅದಕ್ಕೇ ಗುಂಡು ತುಂಬುವ ಮ್ಯಾಗಜೀನ್ ತೆಗೆದು, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂದಕ್ಕೆಳೆದು, ಗುಂಡು ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ಎರಡೆರಡು ಸಲ ನೋಡಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ.

ಮುಂದಿನ ಸೈಟ್ ಸ್ಲೈಡಿನ ಒಳಗಿಂದ ಬರುವ ಒಂದು ಪುಟ್ಟ ಸ್ಕ್ರೂ ಮೇಲೆ ನಿಂತಿರುತ್ತದೆ. ಅದಕ್ಕೆಂದೇ ತೆಳುವಾದ 3/16 ಇಂಚಿನ ನಟ್ ಡ್ರೈವರ್ ಸಿಗುತ್ತದೆ. ಸ್ಕ್ರೂ ಮತ್ತು ಎಳೆಗಳನ್ನು ಆಲ್ಕೋಹಾಲ್‌ನಲ್ಲಿ ಒರೆಸಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಥ್ರೆಡ್‌ಲಾಕರ್ ಒಂದೇ ಹನಿ ಹಾಕಿ. ಜಾಸ್ತಿ ಬಿಗಿದರೆ ಸ್ಕ್ರೂ ಮುರಿಯುತ್ತದೆ. ಒಂದು ದಿನ ಒಣಗಲು ಬಿಡಿ.

ಹಿಂದಿನ ಸೈಟ್ ಸ್ಲೈಡಿನ ಮೇಲಿನ ತೋಡಿನಲ್ಲಿ ಅಡ್ಡಕ್ಕೆ ಜಾರಿ ಕೂರುತ್ತದೆ. ಇಲ್ಲಿ ಸುತ್ತಿಗೆ ಹಿಡಿಯಲೇಬೇಡಿ. ಗಾಜಿನ ಕೊಳವೆ ಒಡೆಯುವುದು ಹೆಚ್ಚಾಗಿ ಈ ಹೊಡೆತಕ್ಕೇ. ಸೈಟ್ ಪುಷರ್ ಅನ್ನುವ ಟೂಲ್ ಸ್ಕ್ರೂ ತಿರುಗಿಸಿದಂತೆ ನಿಧಾನವಾಗಿ ತಳ್ಳುತ್ತದೆ. ತುಂಬಾ ಬಿಗಿಯಾಗಿದ್ದರೆ ಹೊಸ ಸೈಟಿನ ತಳವನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಸ್ಲೈಡನ್ನು ಮಾತ್ರ ಮುಟ್ಟಬೇಡಿ. ಎರಡೂ ಕಡೆ ಉಳಿದ ಜಾಗವನ್ನು ಕ್ಯಾಲಿಪರ್‌ನಲ್ಲಿ ಅಳೆದು ನಡುವಿಗೆ ತನ್ನಿ. ಇದೊಂದು ಸಲದ ಕೆಲಸಕ್ಕೆ ಪುಷರ್ ಕೊಳ್ಳುವುದು ದುಬಾರಿ ಅನ್ನಿಸಿದರೆ ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಹೋಗಿ, ಅದರಲ್ಲಿ ಸಂಕೋಚ ಬೇಡ.

ಆಮೇಲೆ ರೇಂಜ್‌ಗೆ ಹೋಗಿ, ಕೈಗೆ ಆಸರೆ ಕೊಟ್ಟು 10 ಗಜದಿಂದ ಹೊಡೆದು ನೋಡಿ. ಗುಂಡು ಎಡಕ್ಕೆ ಬಿದ್ದರೆ ಹಿಂದಿನ ಸೈಟನ್ನು ಬಲಕ್ಕೆ ಸರಿಸಬೇಕು. ಗ್ಲಾಕ್ 19ರಲ್ಲಿ ಎರಡು ಸೈಟ್ ನಡುವೆ ಸುಮಾರು 15 ಸೆಂಟಿಮೀಟರ್ ದೂರ. ಹಾಗಾಗಿ 1 ಮಿಲಿಮೀಟರ್ ಸರಿಸಿದರೆ 10 ಗಜದಲ್ಲಿ ಗುಂಡು 6 ಸೆಂಟಿಮೀಟರ್‌ನಷ್ಟು ಸರಿಯುತ್ತದೆ. ಕೂದಲೆಳೆಯಷ್ಟೇ ಸರಿಸಿ. ಆದರೆ ಬಲಗೈಯವರ ಗುಂಡು ಎಡಕ್ಕೆ ಹೋಗುವುದು ಎಷ್ಟೋ ಸಲ ಟ್ರಿಗರನ್ನು ಜಗ್ಗುವುದರಿಂದ. ಅದಕ್ಕೇ ಮೊದಲು ಚೆನ್ನಾಗಿ ಹೊಡೆಯುವ ಇನ್ನೊಬ್ಬರಿಗೆ ಕೊಟ್ಟು ನೋಡಿ. ಅವರದ್ದೂ ಎಡಕ್ಕೇ ಬಿದ್ದರೆ ಆಗ ಪುಷರ್ ಹೊರಗೆ ತೆಗೆಯಿರಿ.