ನಿಮ್ಮ ಲೇಖನದಲ್ಲಿ ಮಗು ಎಲ್ಲಿದೆ?

ನಮಸ್ಕಾರ ಮೇಡಂ,

ಮಕ್ಕಳ ವಿಶೇಷ ಸಂಚಿಕೆಗೆ ಅಂತ ನೀವು ಹಾವೇರಿಯಿಂದ ಕಳಿಸಿದ ‘ಪುಟಾಣಿಗಳಿಗೆ ಆಟದ ಪುಸ್ತಕಗಳ ಆಯ್ಕೆ’ ಲೇಖನ ಓದಿದೆ. ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ‘ಆಗಲ್ಲ’ ಅಂತ ಒಂದು ಸಾಲು ಬರೆದು ಮುಗಿಸಲು ನನಗೆ ಮನಸ್ಸಿಲ್ಲ. ಈ ವಿಷಯದ ಮೇಲೆ ಕನ್ನಡದಲ್ಲಿ ಒಳ್ಳೆಯ ಬರಹ ತೀರಾ ಕಡಿಮೆ, ಅದೂ ಅಲ್ಲದೆ ನಿಮ್ಮ ನಾಲ್ಕನೇ ಪುಟದಲ್ಲಿ ಒಂದು ಪ್ಯಾರಾ ಇದೆ, ಅದನ್ನು ಬರೆದವರ ಕೈಯಲ್ಲಿ ಇಡೀ ಲೇಖನ ಚೆನ್ನಾಗಿ ಬರಲು ಸಾಧ್ಯವಿದೆ.

ಮೊದಲು ಏನು ತೆಗೆಯಬೇಕು ಅಂತ ಹೇಳುತ್ತೇನೆ. ಮೊದಲ ಒಂದೂವರೆ ಪುಟ ಪೂರ್ತಿ ಮೊಬೈಲ್ ಹಾವಳಿ, ಪುಸ್ತಕದ ಮಹತ್ವ, ಇಂದಿನ ಮಕ್ಕಳೇ ನಾಳಿನ ಪ್ರಜೆಗಳು. ಇದನ್ನು ನಮ್ಮ ಓದುಗರು ಎಲ್ಲ ಕಡೆ ಓದಿದ್ದಾರೆ. ಪುಸ್ತಕ ಆರಿಸುವುದು ಹೇಗೆ ಅಂತ ತಿಳಿಯಲು ಬಂದ ತಾಯಿಗೆ ಪುಸ್ತಕ ಒಳ್ಳೆಯದು ಅಂತ ಹೇಳಿಕೊಡುವ ಅಗತ್ಯ ಇಲ್ಲ, ಅಲ್ವಾ? ‘ಸರ್ವಾಂಗೀಣ ವಿಕಾಸ’ ನಾಲ್ಕು ಸಲ ಬಂದಿದೆ, ನಾಲ್ಕನ್ನೂ ತೆಗೆಯಿರಿ. ವಯಸ್ಸಿನ ಪ್ರಕಾರ ಮಾಡಿದ ಪಟ್ಟಿಯನ್ನೂ ತೆಗೆಯಿರಿ. ಅದು ನೀವು ಕಂಡು ಬರೆದದ್ದಲ್ಲ, ಎಲ್ಲಿಂದಲೋ ಎತ್ತಿಕೊಂಡದ್ದು ಅಂತ ಓದುವವರಿಗೆ ತಕ್ಷಣ ತಿಳಿಯುತ್ತದೆ.

ಈಗ ಆ ನಾಲ್ಕನೇ ಪುಟಕ್ಕೆ ಬರೋಣ. ರಾಣೆಬೆನ್ನೂರಿನ ನಿಮ್ಮ ತಂಗಿಯ ಮಗಳು, ಎರಡೂವರೆ ವರ್ಷದವಳು, ಪುಸ್ತಕದ ಪುಟದಲ್ಲಿ ಕೊಟ್ಟಿಗೆ ಬಾಗಿಲಿನ ಫ್ಲ್ಯಾಪ್, ಅಂದರೆ ಒಂದು ಅಂಚು ಅಂಟಿಸಿದ ಕಾಗದದ ಮುಚ್ಚಳ, ಎತ್ತಿ ಎತ್ತಿ ಆಕಳು ನೋಡುತ್ತಾಳೆ. ಒಳಗೆ ಆಕಳೇ ಇದೆ ಅಂತ ಗೊತ್ತಿದ್ದೂ ಪ್ರತಿ ಸಲ ಬೆರಗಾಗುತ್ತಾಳೆ. ಕಡೆಗೆ ಫ್ಲ್ಯಾಪ್ ಹರಿದು ಕೈಗೆ ಬರುತ್ತದೆ. ಆಮೇಲೆ ಅಂಗೈಯಿಂದ ಆಕಳನ್ನು ಮುಚ್ಚಿ ಅಜ್ಜಿಯ ಕಡೆ ತಿರುಗಿ ‘ಎಲ್ಲಿ ಹೋತು?’ ಅಂತ ಕೇಳುತ್ತಾಳೆ. ಇಷ್ಟು ಬರೆದು ನೀವು ‘ಹೀಗೆ ಮಕ್ಕಳಲ್ಲಿ ಕುತೂಹಲ ಬೆಳೆಯುತ್ತದೆ’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿರಿ. ಅಲ್ಲಿ ನಿಲ್ಲಬೇಕಿತ್ತು. ಫ್ಲ್ಯಾಪ್ ಹೋದ ಮೇಲೂ ಆಟ ಉಳಿಯಿತು ಅಂದರೆ ಆಟ ಇದ್ದದ್ದು ಕಾಗದದ ತುಂಡಿನಲ್ಲಿ ಅಲ್ಲ, ಅದರ ಹಿಂದಿನ ಪ್ರಶ್ನೆಯಲ್ಲಿ. ನಿಮ್ಮ ಲೇಖನ ಹೇಳಬೇಕಾದದ್ದು ಇದೇ.

ಸೆರಗಿನಿಂದ ಮುಖ ಮುಚ್ಚಿ ತೆಗೆದು ಕೂಸನ್ನು ನಗಿಸುವ ಆಟ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಒಳ್ಳೆಯ ಫ್ಲ್ಯಾಪ್ ಪುಸ್ತಕ ಆ ಆಟವನ್ನೇ ಕಾಗದದ ಮೇಲೆ ಆಡುತ್ತದೆ. ಬ್ರಿಟನ್ನಿನ ಎರಿಕ್ ಹಿಲ್ 1980ರಲ್ಲಿ ತಂದ ನಾಯಿಮರಿಯ ಪುಸ್ತಕ ನೋಡಿ. ತಾಯಿ ನಾಯಿ ಮರಿಯನ್ನು ಹುಡುಕುತ್ತದೆ. ಬಾಗಿಲ ಹಿಂದೆ ಇದೆಯಾ? ಹಾಸಿಗೆ ಕೆಳಗೆ? ಅಲ್ಲಿ ಬಾಗಿಲೇ ಫ್ಲ್ಯಾಪ್. ಎತ್ತಿದರೆ ಬೇರೆ ಪ್ರಾಣಿ ಕೂತು ‘ಇಲ್ಲ’ ಅನ್ನುತ್ತದೆ. ಹುಡುಕುವ ಕೆಲಸ ಮಗುವಿನ ಕೈಯದು, ಮಗು ಎತ್ತದಿದ್ದರೆ ಕಥೆ ಮುಂದೆ ಹೋಗುವುದೇ ಇಲ್ಲ. ಇದರ ಪಕ್ಕದಲ್ಲಿ ನೀವು ಹೊಗಳಿದ ದುಬಾರಿ ಸೆಟ್ ಇಟ್ಟು ನೋಡಿ. ಆನೆಯ ಚಿತ್ರದ ಮೇಲೆ ಫ್ಲ್ಯಾಪ್, ಎತ್ತಿದರೆ ಕೆಳಗೆ ‘ಆನೆ’ ಅಂತ ಇಂಗ್ಲಿಷಿನಲ್ಲಿ ಹೆಸರು. ಇಲ್ಲಿ ಕೈಗೆ ಕೆಲಸ ಇದೆ, ಮನಸ್ಸಿಗೆ ಇಲ್ಲ.

ಪುಟ ತೆರೆದರೆ ಎದ್ದು ನಿಲ್ಲುವ ಕಾಗದದ ಚಿತ್ರಗಳ ಬಗ್ಗೆ ‘ಪಾಪ್-ಅಪ್ ಇದ್ದಷ್ಟೂ ಮಗು ಜಾಸ್ತಿ ಕಲಿಯುತ್ತದೆ’ ಅಂತ ಬರೆದಿದ್ದೀರಿ. ಇದು ತಪ್ಪು. ಈ ಒಂದು ಮಾತಿಗಾಗಿಯೇ ನಾನು ಲೇಖನ ತಡೆಯುತ್ತಿದ್ದೆ. 2010ರಲ್ಲಿ ಅಮೆರಿಕದಲ್ಲಿ ಮೇಧಾ ತಾರೆ, ಸಿಂಥಿಯಾ ಚಿಯಾಂಗ್, ಪೆಟ್ರೀಷಿಯಾ ಗಾನಿಯಾ, ಜೂಡಿ ಡೆಲೋಶ್ ಎಂಬ ಸಂಶೋಧಕರು ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ ಪುಸ್ತಕದಿಂದ ಪ್ರಾಣಿಗಳ ಹೆಸರು ಕಲಿಸಿ ನೋಡಿದರು. ಪಾಪ್-ಅಪ್ ಪುಸ್ತಕಕ್ಕಿಂತ ಸಾದಾ ಚಿತ್ರದ ಪುಸ್ತಕದಿಂದ ಮಕ್ಕಳು ಹೆಸರನ್ನು ಚೆನ್ನಾಗಿ ಕಲಿತರು. ಎದ್ದು ನಿಲ್ಲುವ ಕಾಗದದ ಮೇಲೇ ಗಮನ ಹೋದರೆ ಹೆಸರಿನ ಮೇಲೆ ಹೇಗೆ ಉಳಿಯಬೇಕು? ಹಾಗಂತ ಪಾಪ್-ಅಪ್ ಬೇಡ ಅಂತ ಬರೆಯಬೇಡಿ. ಅದು ಖುಷಿಗೆ, ಮತ್ತು ಖುಷಿ ಸಣ್ಣ ವಿಷಯ ಅಲ್ಲ. ಕಲಿಕೆಯ ಹೆಸರು ಹೇಳಿ ಅದನ್ನು ಮಾರುವವರ ಮಾತು ನಂಬಬೇಡಿ ಅಂತ ಬರೆಯಿರಿ, ಸಾಕು.

ಫ್ಲ್ಯಾಪ್, ತೂತು, ಬಟನ್ ಯಾವುದೂ ಇಲ್ಲದೆ ಪುಸ್ತಕ ಆಟವಾಗಬಹುದು, ಇದನ್ನು ನೀವು ಮುಟ್ಟಿಯೇ ಇಲ್ಲ. ಫ್ರೆಂಚ್ ಲೇಖಕ ಎರ್ವೆ ಟ್ಯುಲೆ 2010ರಲ್ಲಿ ಮಾಡಿದ ಪುಸ್ತಕದಲ್ಲಿ ಇರುವುದು ಬರೀ ಬಣ್ಣದ ಚುಕ್ಕೆಗಳು. ಹಳದಿ ಚುಕ್ಕೆ ಒತ್ತು ಅನ್ನುತ್ತದೆ, ಪುಟ ತಿರುಗಿಸಿದರೆ ಚುಕ್ಕೆ ಎರಡಾಗಿರುತ್ತವೆ. ಮಗುವಿಗೆ ತಾನೇ ಮಾಡಿದೆ ಅನಿಸುತ್ತದೆ. ಅಂದರೆ ಪುಟ ತಿರುಗಿಸುವುದೇ ಎಲ್ಲಕ್ಕಿಂತ ಹಳೆಯ ಫ್ಲ್ಯಾಪ್. ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡಾಗ ಇಷ್ಟು ನೋಡಿದರೆ ಸಾಕು: ಪುಟದ ಕೊನೆಗೆ ಬಂದಾಗ ‘ಮುಂದೇನು?’ ಅಂತ ಮಗು ಕೇಳುವಂತಿದೆಯಾ, ಒಂದು ಸಾಲು ಮತ್ತೆ ಮತ್ತೆ ಬಂದು ಮಗು ನಮ್ಮ ಜೊತೆ ಹೇಳುವಂತಿದೆಯಾ.

ಒಂದು ವರ್ಷದ ಒಳಗಿನ ಕೂಸುಗಳ ಬಗ್ಗೆ ನೀವು ಬರೆದದ್ದು ಸರಿಯಾಗಿದೆ, ಚುಟುಕಾಗಿದೆ, ಹಾಗೇ ಇರಲಿ. ಹುಟ್ಟಿದ ಕೂಸಿಗೆ 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ ಸುಮಾರಾಗಿ ಕಾಣುತ್ತದೆ, ಆದ್ದರಿಂದ ದಪ್ಪ ಗೆರೆಯ ಕಪ್ಪು-ಬಿಳುಪು ಚಿತ್ರ ಅನ್ನುವುದನ್ನು ಸೇರಿಸಿ. ಬಟ್ಟೆ ಪುಸ್ತಕ, ಮೂಲೆ ದುಂಡಗಿರುವ ದಪ್ಪ ಬೋರ್ಡ್ ಪುಸ್ತಕ ಯಾಕೆ ಅಂದರೆ ಎಲ್ಲವೂ ಬಾಯಿಗೆ ಹೋಗುತ್ತದೆ.

ಆದರೆ ಒತ್ತಿದರೆ ಸದ್ದು ಮಾಡುವ ಸೌಂಡ್ ಬುಕ್ ಬಗ್ಗೆ ಎರಡು ಪ್ಯಾರಾ ಬರೆದು ಅದರೊಳಗಿನ ಸೆಲ್ ಬಗ್ಗೆ ಒಂದಕ್ಷರ ಬರೆದಿಲ್ಲ. ಬಹಳಷ್ಟು ಸೌಂಡ್ ಬುಕ್‌ಗಳಲ್ಲಿ ಗುಂಡಿ ಆಕಾರದ ಬಟನ್ ಸೆಲ್ ಇರುತ್ತದೆ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆಲ್ಲ ಸುಟ್ಟ ಗಾಯ ಆಗಬಹುದು, ಜೀವಕ್ಕೇ ಅಪಾಯ. ಸೆಲ್ ಇಡುವ ಜಾಗದ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಆ ಪುಸ್ತಕ ಮನೆಗೆ ತರಬೇಡಿ, ಮಗು ನುಂಗಿರಬಹುದು ಅಂತ ಸಂಶಯ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ ಅಂತ ಸ್ಪಷ್ಟವಾಗಿ ಬರೆಯಿರಿ. ಲೇಖನದಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬಿಡುವ ಹಾಗಿಲ್ಲ.

ಇನ್ನು ಬೆಲೆ. ನೀವು ಹೆಸರಿಸಿದ ಏಳೂ ಪುಸ್ತಕ ಇಂಗ್ಲಿಷಿನವು. ಹಾನಗಲ್ಲಿನ ಒಬ್ಬ ಅಂಗನವಾಡಿ ಟೀಚರ್ ಇದನ್ನು ಓದಿ ಏನು ಮಾಡಬೇಕು? ಹೊರದೇಶದ ಫ್ಲ್ಯಾಪ್ ಪುಸ್ತಕಗಳನ್ನು ಹಲವು ಭಾಷೆಗಳಿಗೆ ಒಟ್ಟಿಗೆ ಅಚ್ಚು ಮಾಡುತ್ತಾರೆ. ಬಣ್ಣದ ಚಿತ್ರ ಒಂದೇ, ಕಪ್ಪು ಅಕ್ಷರ ಮಾತ್ರ ಬದಲು, ಹಾಗಾಗಿ ಖರ್ಚು ಹಂಚಿಹೋಗುತ್ತದೆ. ಕನ್ನಡದಲ್ಲಿ ಸಾವಿರ ಪ್ರತಿಗೆ ಡೈ (ಕಾಗದವನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಅಚ್ಚು) ಮಾಡಿಸಿ, ಒಂದೊಂದು ಫ್ಲ್ಯಾಪನ್ನೂ ಕೈಯಿಂದ ಅಂಟಿಸಿದರೆ ಬೆಲೆ ಎಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಹಾಕಿ. ಹಾವೇರಿಯಿಂದ ಗದಗ ದೂರ ಅಲ್ಲ, ಅಚ್ಚಿನ ಕೆಲಸಕ್ಕೆ ಹೆಸರಾದ ಊರು. ಅಲ್ಲಿನ ಯಾವುದಾದರೂ ಪ್ರೆಸ್ಸಿಗೆ ಹೋಗಿ ಡೈ ಕಟಿಂಗಿಗೆ ಎಷ್ಟು, ಅಂಟಿಸುವ ಕೂಲಿ ಎಷ್ಟು ಅಂತ ಕೇಳಿ ಬನ್ನಿ. ಕನ್ನಡದಲ್ಲಿ ಇಂಥ ಪುಸ್ತಕ ಯಾಕೆ ಕಡಿಮೆ ಅನ್ನುವುದಕ್ಕೆ ನಿಮ್ಮ ‘ಪೋಷಕರ ನಿರಾಸಕ್ತಿ’ಗಿಂತ ಆ ಉತ್ತರ ಜಾಸ್ತಿ ಬೆಳಕು ಕೊಡುತ್ತದೆ.

ಕನ್ನಡದಲ್ಲಿ ಏನೂ ಇಲ್ಲ ಅನ್ನುವ ಧ್ವನಿ ಮಾತ್ರ ಬೇಡ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ, ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ, ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು. ಚೆನ್ನೈನ ತುಲಿಕಾ ಪ್ರಕಾಶನದವರ ಕನ್ನಡ ಚಿತ್ರಪುಸ್ತಕಗಳಿವೆ. ನ್ಯಾಷನಲ್ ಬುಕ್ ಟ್ರಸ್ಟಿನವು ಕಡಿಮೆ ಬೆಲೆಯವು. ನಮ್ಮ ಧಾರವಾಡದ ಸುಭಾಸ ರಸ್ತೆಗೆ ಬಂದು ಪುಸ್ತಕದಂಗಡಿಗಳಲ್ಲಿ ವಿಚಾರಿಸಿ ನೋಡಿ. 2023ರ ಜನವರಿಯಲ್ಲಿ ನಿಮ್ಮ ಊರಲ್ಲೇ ನಡೆದ 86ನೇ ಸಾಹಿತ್ಯ ಸಮ್ಮೇಳನದಲ್ಲಿ ಒಂದು ಚಿತ್ರಪುಸ್ತಕ ಕೊಂಡೆ ಅಂತ ನೀವೇ ಬರೆದಿದ್ದೀರಿ. ಅದರಲ್ಲಿ ಏನಿತ್ತು? ಮಗು ಅದನ್ನು ಏನು ಮಾಡಿತು? ಏಳು ಇಂಗ್ಲಿಷ್ ಪುಸ್ತಕ ಬಿಟ್ಟು ಆ ಒಂದರ ಬಗ್ಗೆ ಬರೆಯಿರಿ.

ಮನೆಯಲ್ಲೇ ಮಾಡುವ ಪುಸ್ತಕದ ಬಗ್ಗೆ ಒಂದು ಪ್ಯಾರಾ ಬೇಕೇ ಬೇಕು. ಹಳೆಯ ಲಗ್ನಪತ್ರಿಕೆಗಳ ರಟ್ಟು ದಪ್ಪಗಿರುತ್ತದೆ. ಮಿಂಚು ಉದುರುವಂಥದ್ದು ಬೇಡ, ಸಾದಾ ರಟ್ಟು ಆರಿಸಿ. ರೊಟ್ಟಿ ಬುಟ್ಟಿಯ ಮುಚ್ಚಳ, ದೇವರ ಮನೆ ಬಾಗಿಲು, ಅಜ್ಜನ ರುಮಾಲು ಬರೆದು ಒಂದು ಅಂಚು ಅಂಟಿಸಿದರೆ ಫ್ಲ್ಯಾಪ್ ಆಯಿತು. ಒಳಗೆ ಬೆಕ್ಕು, ಇಲಿ, ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಎತ್ತು. ನಮ್ಮ ಕಡೆಯ ಮಗುವಿಗೆ ಇಗ್ಲೂ ಒಳಗಿನ ಪೆಂಗ್ವಿನ್‌ಗಿಂತ ಬುಟ್ಟಿಯೊಳಗಿನ ಬೆಕ್ಕು ಬೇಗ ಅರ್ಥ ಆಗುತ್ತದೆ, ಹರಿದರೆ ಇನ್ನೊಂದು ಮಾಡಿದರಾಯಿತು. ಹರಿಯುತ್ತದೆ ಅಂತ ಪುಸ್ತಕವನ್ನು ಕಪಾಟಿನ ಮೇಲೆ ಇಡುವ ಮನೆಗಳಿಗೆ ಇದನ್ನು ಒತ್ತಿ ಹೇಳಬೇಕು.

ಓದುವ ದೊಡ್ಡವರು ನಿಮ್ಮ ಲೇಖನದಲ್ಲಿ ಎಲ್ಲೂ ಕಾಣಲಿಲ್ಲ. 1988ರಲ್ಲಿ ವೈಟ್‌ಹರ್ಸ್ಟ್ ಎಂಬ ಸಂಶೋಧಕರು ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಎರಡು ವರ್ಷದ ಸುತ್ತಿನ ಮಕ್ಕಳ ತಂದೆತಾಯಿಯಲ್ಲಿ ಒಂದು ಗುಂಪಿಗೆ ಸುಮ್ನೆ ಓದಿ ಹೇಳಬೇಡಿ, ಇದೇನು, ಯಾಕೆ ಹೀಗೆ ಮಾಡಿತು ಅಂತ ಕೇಳಿ, ಮಗು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸಿ ಅಂತ ಕಲಿಸಿದರು. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನಲ್ಲಿ ಉಳಿದವರಿಗಿಂತ ಮುಂದಿದ್ದರು. ಇದಕ್ಕೆ ದುಬಾರಿ ಪುಸ್ತಕ ಬೇಕಿಲ್ಲ. ರಾಣೆಬೆನ್ನೂರಿನ ಅಜ್ಜಿ ‘ಎಲ್ಲಿ ಹೋತು?’ ಅನ್ನುವುದಕ್ಕೆ ಏನು ಉತ್ತರ ಕೊಟ್ಟರು ಅಂತ ನೀವು ಬರೆದಿಲ್ಲ, ನನಗೆ ಅದು ಬೇಕು.

ಆ ನಾಲ್ಕನೇ ಪುಟದಿಂದಲೇ ಶುರು ಮಾಡಿ ಹೊಸದಾಗಿ ಬರೆಯಿರಿ. ಅದಕ್ಕೂ ಮುಂಚೆ ಹತ್ತಿರದ ಅಂಗನವಾಡಿಗೆ ಎರಡು ಪುಸ್ತಕ ಒಯ್ಯಿರಿ, ಒಂದು ಫ್ಲ್ಯಾಪ್ ಇರುವುದು, ಒಂದು ಸಾದಾ. ನೀವು ಓದಬೇಡಿ, ಮಕ್ಕಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು ಅವರು ಆಡಿದ ಮಾತು ಆಡಿದ ಹಾಗೇ ಬರೆದುಕೊಳ್ಳಿ, ಹಾವೇರಿ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಒಂಬೈನೂರು ಪದ ಸಾಕು. ಮುಂದಿನ ತಿಂಗಳ ಹತ್ತನೇ ತಾರೀಖಿನ ಒಳಗೆ ಬಂದರೆ ಇದೇ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.