ಬಟನ್ ಎಲ್ಲಿ ಬೇಕು, ಎಲ್ಲಿ ಬೇಡ?

ಪ್ರಶ್ನೆ: ಬಾಹ್ಯಾಕಾಶ ಅನ್ವೇಷಣೆಯ ಕಥೆಯನ್ನು ಓದುಗರೇ ಆಯ್ಕೆ ಮಾಡುತ್ತಾ ಮುಂದುವರಿಸುವಂಥ ಜಾಲತಾಣವೊಂದನ್ನು ರೂಪಿಸುತ್ತಿದ್ದೇನೆ. ವೈರ್‌ಫ್ರೇಮ್ (ಪುಟದಲ್ಲಿ ಯಾವುದು ಎಲ್ಲಿರಬೇಕು ಎಂಬುದರ ಕಚ್ಚಾ ನಕ್ಷೆ) ಬಿಡಿಸಲು ಕುಳಿತರೆ ಎಲ್ಲ ಪುಟಗಳೂ ಒಂದೇ ಥರ ಆಗುತ್ತಿವೆ: ಮೇಲೊಂದು ಗ್ರಹ, ಕೆಳಗೆ ನಾಲ್ಕು ಸಾಲು, ‘ಮುಂದೆ’ ಎಂಬ ಬಟನ್. ಏನು ಮಾಡಲಿ?

ಉತ್ತರ: ಪುಟಗಳನ್ನು ಸದ್ಯಕ್ಕೆ ಮರೆತುಬಿಡಿ. ದೊಡ್ಡದೊಂದು ಹಾಳೆಯ ಮೇಲೆ, ಕಥೆಯೊಳಗಿನ ಜನ ಎಲ್ಲೆಲ್ಲಿ ನಿಜವಾಗಿ ನಿರ್ಧಾರ ತೆಗೆದುಕೊಂಡರು ಎಂಬುದನ್ನಷ್ಟೇ ಪೆನ್ಸಿಲಿನಲ್ಲಿ ಗುರುತು ಹಾಕಿ. ಅವರಿಗೆ ಆಯ್ಕೆಯಿದ್ದ ಕಡೆ ಓದುಗರಿಗೂ ಬಟನ್ ಕೊಡಿ. ಅವರ ಕೈ ಕಟ್ಟಿಹೋಗಿದ್ದ ಕಡೆ ಓದುಗರ ಕೈಯನ್ನೂ ಕಟ್ಟಿಹಾಕಿ. ಎಲ್ಲೆಂದರಲ್ಲಿ ಬಟನ್ ಇಟ್ಟರೆ ಅದು ಕಥೆಯಾಗುವುದಿಲ್ಲ, ಲಿಫ್ಟ್ ಆಗುತ್ತದೆ.

ನಾಸಾದ ಮಾನವರಹಿತ ವಾಯೇಜರ್ ನೌಕೆಗಳನ್ನೇ ನೋಡಿ. ಎರಡೂ ಹೊರಟದ್ದು 1977ರಲ್ಲಿ. ವಾಯೇಜರ್ 1 ಶನಿಯನ್ನು ತಲುಪುವಾಗ ಎರಡು ದಾರಿಗಳಿದ್ದವು. ದಟ್ಟ ವಾತಾವರಣವಿರುವ ಟೈಟನ್ ಉಪಗ್ರಹದ ಹತ್ತಿರ ಹಾದುಹೋದರೆ ನೌಕೆಯ ಪಥ ಗ್ರಹಗಳ ಕಕ್ಷೆಯ ಸಮತಲವನ್ನೇ ಬಿಟ್ಟು ಮೇಲಕ್ಕೆ ಬಾಗುತ್ತದೆ, ಮುಂದೆ ಯಾವ ಗ್ರಹವೂ ಸಿಗುವುದಿಲ್ಲ. ಟೈಟನ್ ಆಸೆ ಬಿಟ್ಟರೆ ಪ್ಲೂಟೊವರೆಗೆ ಹೋಗಬಹುದಿತ್ತು. ತಂಡ ಆರಿಸಿದ್ದು ಟೈಟನನ್ನು. 1980ರ ನವೆಂಬರ್‌ನಲ್ಲಿ ಕ್ಯಾಮೆರಾಕ್ಕೆ ಕಂಡದ್ದು ಕಿತ್ತಳೆ ಬಣ್ಣದ ಮಬ್ಬು, ಅಷ್ಟೇ. ಆ ಗಾಳಿಯಲ್ಲಿ ಬಹುಪಾಲು ಸಾರಜನಕವೇ ಇದೆ ಎಂದು ತಿಳಿಸಿದ್ದು ಬೇರೆ ಉಪಕರಣಗಳು. ಟೈಟನ್ ಆಯ್ದ ಓದುಗರಿಗೆ ಮೊದಲು ಮಬ್ಬಿನ ನಿರಾಸೆ ಸಿಗಲಿ, ಒಂದು ಪರದೆಯಷ್ಟು ಕೆಳಗೆ ಸರಿಸಿದ ಮೇಲೆ ಸಾರಜನಕದ ಸುದ್ದಿ ಬರಲಿ.

ಪ್ಲೂಟೊ ಆಯ್ದವರ ಚೌಕದಲ್ಲಿ ಏನಿಡುತ್ತೀರಿ? ದಯವಿಟ್ಟು ಕಲ್ಪಿತ ಚಿತ್ರ ಬೇಡ. ಪ್ಲೂಟೊವನ್ನು ಹತ್ತಿರದಿಂದ ಮೊದಲು ಕಂಡದ್ದು ನ್ಯೂ ಹೊರೈಜನ್ಸ್ ನೌಕೆ, 2015ರ ಜುಲೈನಲ್ಲಿ. ಚೌಕವನ್ನು ಖಾಲಿ ಬಿಟ್ಟು ಆ ಇಸವಿಯನ್ನಷ್ಟೇ ಬರೆಯಿರಿ, ಅಲ್ಲಿಂದ ನ್ಯೂ ಹೊರೈಜನ್ಸ್ ಅಧ್ಯಾಯಕ್ಕೊಂದು ಬಾಣ ಎಳೆಯಿರಿ. ಇನ್ನೊಂದು ಕವಲೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ವಾಯೇಜರ್ 1 ಟೈಟನ್ ಬಳಿ ವಿಫಲವಾಗಿದ್ದರೆ ಆ ಕೆಲಸ ವಾಯೇಜರ್ 2ರ ಪಾಲಿಗೆ ಬರುತ್ತಿತ್ತು, 1986ರ ಯುರೇನಸ್ ಭೇಟಿಯೂ 1989ರ ನೆಪ್ಚೂನ್ ಭೇಟಿಯೂ ಕೈತಪ್ಪುತ್ತಿದ್ದವು. ಆ ದಾರಿ ಹಿಡಿದ ಓದುಗರಿಗೆ ಎರಡು ಅಧ್ಯಾಯಗಳು ಮಂಕಾಗಿ, ಒತ್ತಿದರೂ ತೆರೆಯದಂತೆ ಕಾಣಲಿ. ಮರಳಿ ಬಂದು ದಾರಿ ಬದಲಿಸುವ ಅವಕಾಶವಂತೂ ಇರಲೇಬೇಕು.

ಬಟನ್ ಬೇಡದ ಕಡೆಗೆ ಉದಾಹರಣೆ ಕ್ಯೂರಿಯಾಸಿಟಿ, ಮಂಗಳದ ನೆಲದ ಮೇಲೆ ಓಡಾಡಲು ಕಳಿಸಿದ ಚಕ್ರದ ಬಂಡಿ (ರೋವರ್). 2012ರ ಆಗಸ್ಟ್‌ನಲ್ಲಿ ಅದು ಮಂಗಳದ ವಾತಾವರಣ ಹೊಕ್ಕು ನೆಲ ಮುಟ್ಟಲು ಸುಮಾರು 7 ನಿಮಿಷ ಹಿಡಿಯಿತು. ಅಂದು ಅಲ್ಲಿಂದ ಭೂಮಿಗೆ ಸಂಕೇತ ಬರಲು ಬೇಕಾದದ್ದು ಸುಮಾರು 14 ನಿಮಿಷ. ‘ಹೊಕ್ಕಿತು’ ಎಂಬ ಸುದ್ದಿ ತಲುಪುವ ಹೊತ್ತಿಗೆ ರೋವರ್ ಮಂಗಳದ ಮೇಲೆ ಉಳಿದೋ ಅಳಿದೋ ಆಗಲೇ 7 ನಿಮಿಷವಾಗಿರುತ್ತದೆ! ಇಲ್ಲಿ ವೈರ್‌ಫ್ರೇಮಿನಲ್ಲಿ ಎರಡು ಗಡಿಯಾರ ಬಿಡಿಸಿ, ಒಂದು ಅಲ್ಲಿಯದು, ಇನ್ನೊಂದು ಇಲ್ಲಿಯದು. ಸಮಯವನ್ನು ಬೇಕಾದರೆ ಕುಗ್ಗಿಸಿ. ಬಟನ್ ಮಾತ್ರ ಇಡಬೇಡಿ.

ಬಣ್ಣ, ನಕ್ಷತ್ರ, ಅಕ್ಷರ ವಿನ್ಯಾಸ ಎಲ್ಲ ಆಮೇಲೆ. ಆದರೆ ಬಟನ್ ಮೇಲಿನ ಮಾತನ್ನು ಈಗಲೇ ಬರೆಯಿರಿ. ‘ಟೈಟನ್ ನೋಡೋಣ’ ಎಂದು ಬರೆಯಲು ಆಗದೆ ‘ಮುಂದೆ’ ಎಂದೇ ಬರೆಯಬೇಕಾಗಿ ಬಂದರೆ ಅಲ್ಲಿ ಕವಲಿಲ್ಲ ಎಂದರ್ಥ.

ಪ್ರಶ್ನೆ: ಸೌರವ್ಯೂಹವನ್ನು ನಿಜವಾದ ಅಳತೆಯಲ್ಲೇ ತೋರಿಸುವ ಪುಟ ಮೊಬೈಲಿನಲ್ಲಿ ಸಾಧ್ಯವೇ?

ಉತ್ತರ: ದೂರಕ್ಕೆ ಸಾಧ್ಯ, ಗಾತ್ರಕ್ಕಿಲ್ಲ. ಸೂರ್ಯನಿಂದ ಭೂಮಿಗೆ 10 ಸೆಂಟಿಮೀಟರ್ ಎಂದಿಟ್ಟುಕೊಂಡರೆ ನೆಪ್ಚೂನ್ ಸುಮಾರು 3 ಮೀಟರ್ ಕೆಳಗೆ. ಬೆರಳು ಸೋಲದಷ್ಟು ಉದ್ದ. ಅದೇ ಅಳತೆಯಲ್ಲಿ ಭೂಮಿಯ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ, ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಗ್ರಹಗಳನ್ನು ಹಿಗ್ಗಿಸಿ, ಹಿಗ್ಗಿಸಿದ್ದೇವೆ ಎಂದು ಪುಟದಲ್ಲೇ ಹೇಳಿ. ಗ್ರಹಗಳ ನಡುವಿನ ಖಾಲಿ ಜಾಗ ತುಂಬಲು ಮಾಹಿತಿ ಪೆಟ್ಟಿಗೆ ಸುರಿಯಬೇಡಿ, ತೋರಿಸಬೇಕಾದದ್ದೇ ಆ ಖಾಲಿತನ. ವಾಯೇಜರ್ 1 ಈಗ 16 ಮೀಟರ್ ಗೆರೆಯನ್ನೂ ದಾಟಿದೆ, ಅಲ್ಲಿಯವರೆಗೆ ಎಳೆಯಿರಿ. ಅದರಾಚೆ ಬೇಡ: ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಸಿಗಬೇಕಾದರೆ ಪುಟವನ್ನು ಸುಮಾರು 27 ಕಿಲೋಮೀಟರ್ ಸರಿಸಬೇಕು.